ಬಾಣಂತನದ ಮನೆಯಲ್ಲಿ ನಾಯಿಗಾಗಿ ಅಳಬಹುದೇ?

(ಮೈಸೂರಿನಲ್ಲಿ ಹಿರಿಯರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಎಷ್ಟು ಜನರ ಮಕ್ಕಳು ಹೊರದೇಶದಲ್ಲಿದ್ದಾರೆ ಎಂದು ಕೇಳಿದರೆ ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲೇಳುತ್ತದೆ. ಆ ಮಕ್ಕಳು ಬಿಟ್ಟುಹೋದ ನಾಯಿ ಎಷ್ಟು ಮನೆಗಳಲ್ಲಿದೆ ಎಂದು ಕೇಳಿದರೂ ಸುಮಾರು ಕೈಗಳು ಏಳುತ್ತವೆ. ಕಾಲೇಜು ಓದುವಾಗ ಎಲ್ಲಿಂದಲೋ ಎತ್ತಿಕೊಂಡು ಬರುತ್ತಾರೆ. ನಾವು ಬೇಡ ಬೇಡ ಅನ್ನುತ್ತೇವೆ. ಆಮೇಲೆ ಅವರು ವೀಸಾ ಹಿಡಿದು ಹೊರಡುತ್ತಾರೆ, ನಾಯಿ ನಮ್ಮದಾಗುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ನಾಯಿಯ ಆಯುಸ್ಸು ಹನ್ನೆರಡು ಹದಿಮೂರು ವರ್ಷ. ನಮ್ಮ ಮಕ್ಕಳು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ, ಒಂದು ಮಗು ಆಗುವುದಕ್ಕೂ ಈಗ ಅಷ್ಟೇ ವರ್ಷ ಹಿಡಿಯುತ್ತದೆ. ಹಾಗಾಗಿ ನಮ್ಮ ತಲೆಮಾರಿನ ಬಹಳಷ್ಟು ತಾಯಂದಿರು ಬಾಣಂತನಕ್ಕೆಂದು ವಿಮಾನ ಹತ್ತುವ ಹೊತ್ತಿಗೆ ಮನೆಯ ನಾಯಿ ಕೊನೆಗಾಲದಲ್ಲಿರುತ್ತದೆ.

ಇದಕ್ಕೆ ಯಾರೂ ತಯಾರಿ ಮಾಡಿಕೊಂಡಿರುವುದಿಲ್ಲ. ಸೂಟ್‌ಕೇಸಿಗೆ ಒಣಶುಂಠಿ, ಹಿಪ್ಪಲಿ, ಓಂಕಾಳು, ಬಜೆ ಬೇರು, ಮೆತ್ತಗಾದ ಹಳೇ ಸೀರೆ, ಎಲ್ಲವನ್ನೂ ತೂಕ ನೋಡಿ ನೋಡಿ ತುಂಬುತ್ತೇವೆ. ನಾಯಿಯ ವಿಷಯ ಮಾತ್ರ "ಇವರು ನೋಡ್ಕೊಳ್ತಾರೆ" ಅನ್ನುವ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ನಾನು ಇವತ್ತು ಆ ಮಾತಿನ ಹಿಂದೆ ಏನೇನಿದೆ ಅನ್ನುವುದನ್ನು ಬಿಡಿಸಿ ಹೇಳಬೇಕೆಂದಿದ್ದೇನೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸ ಮಗು ಬಂದ ಮನೆಯ ಸಂತೋಷವನ್ನು ಕೆಡಿಸುವುದು ದುಃಖವನ್ನು ಬಚ್ಚಿಡುವ ಕೆಲಸ. ದುಃಖ ತಾನಾಗಿ ಏನನ್ನೂ ಕೆಡಿಸುವುದಿಲ್ಲ.

ನಮ್ಮ ಸೋಮು ಜಾತಿನಾಯಿಯಲ್ಲ. ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮಳೆಯಲ್ಲಿ ನೆನೆಯುತ್ತಾ ಕೂತಿದ್ದ ಮರಿ. ಕಂದು ಬಣ್ಣ, ಒಂದು ಕಿವಿ ನಿಮಿರಿದ್ದು, ಇನ್ನೊಂದು ಮಡಚಿಕೊಂಡದ್ದು. ಹದಿಮೂರನೆಯ ವರ್ಷಕ್ಕೆ ಕಾಲಿಟ್ಟ ಮೇಲೆ ವಿಪರೀತ ನೀರು ಕುಡಿಯತೊಡಗಿದ. ಮಧ್ಯರಾತ್ರಿ ಎದ್ದು ಬಾಗಿಲು ಕೆರೆಯುತ್ತಿದ್ದ. ಬಾಯಿಂದ ಒಂದು ಥರ ಕಟು ವಾಸನೆ. ನಾನು ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ವೈದ್ಯರು ರಕ್ತ ತೆಗೆಯುವ ಮೊದಲೇ ನನಗೆ ಅಂದಾಜಿತ್ತು. ಮೂತ್ರಪಿಂಡ ಕೈಕೊಟ್ಟಿತ್ತು.

ಈ ಕಾಯಿಲೆಯ ಬಗ್ಗೆ ನಾಯಿ ಸಾಕಿದವರೆಲ್ಲ ಒಂದು ವಿಷಯ ತಿಳಿದಿರಬೇಕು. ಮೂತ್ರಪಿಂಡದೊಳಗೆ ರಕ್ತ ಸೋಸುವ ನೆಫ್ರಾನ್‌ಗಳೆಂಬ ಸೂಕ್ಷ್ಮ ಘಟಕಗಳಿವೆ. ಅವು ಒಂದು ಸಲ ಹಾಳಾದರೆ ಮತ್ತೆ ಹುಟ್ಟುವುದಿಲ್ಲ. ಉಳಿದವು ಹೆಚ್ಚುವರಿ ಕೆಲಸ ಹೊತ್ತುಕೊಂಡು ನಡೆಸುತ್ತವೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಏರಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋಗಿಯೇ ಇರುತ್ತದೆ. "ಮೊದಲೇ ಯಾಕೆ ಗೊತ್ತಾಗಲಿಲ್ಲ" ಎಂದು ಮನೆಯವರು ತಮ್ಮನ್ನೇ ಬೈದುಕೊಳ್ಳುತ್ತಾರಲ್ಲ, ಅದಕ್ಕೆ ಆಧಾರವಿಲ್ಲ. ಮೊದಲು ಹೊರಗೆ ಏನೂ ತೋರುವುದಿಲ್ಲ.

ಮಗಳಿಗೆ ಜನವರಿಯಲ್ಲಿ ಹೆರಿಗೆಯ ದಿನ ಕೊಟ್ಟಿದ್ದರು, ನ್ಯೂ ಜೆರ್ಸಿಯಲ್ಲಿ. ನಮ್ಮ ಯಜಮಾನರೂ ಬರಬೇಕೆಂದು ಟಿಕೆಟ್ ಆಗಿತ್ತು. ಅವರು ತಮ್ಮ ಟಿಕೆಟ್ ರದ್ದು ಮಾಡಿಸಿದರು. "ಅಲ್ಲಿ ನಿನ್ನ ಕೆಲಸ ನಾನು ಮಾಡಕ್ಕಾಗಲ್ಲ, ಇಲ್ಲಿಯದು ನಾನು ಮಾಡಬಲ್ಲೆ" ಅಂದರು. ಚರ್ಚೆಯೇ ಇಲ್ಲ. ಮರುದಿನದಿಂದ ಅವರು ಸೂಜಿ ಚುಚ್ಚುವುದನ್ನು ಕಲಿಯಲು ಶುರು ಮಾಡಿದರು. ಮೂತ್ರಪಿಂಡದ ನಾಯಿಗೆ ಚರ್ಮದ ಕೆಳಗೆ ದ್ರವ ಹಾಕಬೇಕಾಗುತ್ತದೆ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣದ ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಹೆಗಲ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಡೇರೆಯೊಳಕ್ಕೆ ಸೂಜಿ ತೂರಿಸಬೇಕು. ನಿಧಾನವಾಗಿ ಅಲ್ಲೊಂದು ನೀರಿನ ಗಡ್ಡೆ ಏಳುತ್ತದೆ, ಒಂದೆರಡು ಗಂಟೆಯಲ್ಲಿ ಅದು ಮುಂಗಾಲಿನ ಕಡೆಗೆ ಇಳಿದು ಕರಗುತ್ತದೆ. ನಲವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ಮನುಷ್ಯ, ತಾವು ಇಂಜೆಕ್ಷನ್ ತೆಗೆದುಕೊಳ್ಳುವಾಗ ಇವತ್ತಿಗೂ ಮುಖ ತಿರುಗಿಸುವವರು, ಇದನ್ನು ಕಲಿತರು. ಈ ಸಭೆಯಲ್ಲಿ ಅವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಈ ಮಾತನ್ನು ಅವರ ಎದುರಿಗೇ ಹೇಳಬೇಕೆಂದು ನನಗೆ ಬಹಳ ದಿನದ ಆಸೆ.

ಈಗ ನಾಯಿಗಾಗಿ ಅಳುವ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಪ್ರದಾಯದಲ್ಲಿ ಒಂದು ವಿಶೇಷವಿದೆ. ಹುಟ್ಟಿದರೂ ಸೂತಕ, ಸತ್ತರೂ ಸೂತಕ. ಹುಟ್ಟಿದ್ದಕ್ಕೆ ಪುರುಡು ಅನ್ನುತ್ತೇವೆ. ಎರಡರಲ್ಲೂ ಮನೆಯವರನ್ನು ಲೋಕದ ವ್ಯವಹಾರದಿಂದ ಸ್ವಲ್ಪ ದಿನ ಪಕ್ಕಕ್ಕೆ ಕೂರಿಸುತ್ತಾರೆ. ಪೂಜೆ ಬೇಡ, ಶುಭಕಾರ್ಯಕ್ಕೆ ಹೋಗುವುದು ಬೇಡ, ಇವರ ಮನೆಯಲ್ಲಿ ಒಂದು ದೊಡ್ಡ ಸಂಗತಿ ನಡೆದಿದೆ, ಇವರನ್ನು ಇವರ ಪಾಡಿಗೆ ಬಿಡಿ ಅನ್ನುವ ಏರ್ಪಾಡು. ಅಕ್ಕಪಕ್ಕದವರಿಗೂ ಗೊತ್ತಾಗುತ್ತದೆ, ಆಫೀಸಿಗೂ ಗೊತ್ತಾಗುತ್ತದೆ. ನಾಯಿ ಸತ್ತರೆ ಇದಾವುದೂ ಇಲ್ಲ. ಬೆಳಗ್ಗೆ ಮಣ್ಣು ಮಾಡಿ ಹತ್ತು ಗಂಟೆಗೆ ಕೆಲಸಕ್ಕೆ ಹೋಗಬೇಕು. ಯಾರಾದರೂ ಕಣ್ಣು ಯಾಕೆ ಕೆಂಪಗಿದೆ ಎಂದು ಕೇಳಿದರೆ ನಿದ್ದೆಯಾಗಲಿಲ್ಲ ಅನ್ನಬೇಕು. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲಿ ಇಂಥ ದುಃಖದ ಬಗ್ಗೆಯೇ ಒಂದು ಪುಸ್ತಕ ತಂದರು. ಸಮಾಜ ಒಪ್ಪದ, ಬಹಿರಂಗವಾಗಿ ತೋಡಿಕೊಳ್ಳಲಾಗದ, ಸಮಾಧಾನ ಹೇಳಲು ಯಾರೂ ಬಾರದ ದುಃಖ. ಸಾಕುಪ್ರಾಣಿಯ ಸಾವು ಆ ಗುಂಪಿಗೇ ಸೇರುತ್ತದೆ. ಇಂಥ ದುಃಖ ಹೆಚ್ಚು ಕಾಲ ಒಳಗೇ ಕೊಳೆಯುತ್ತದೆ ಅನ್ನುವುದು ನನ್ನ ಅನುಭವವೂ ಹೌದು.

ಕೆಲವರು ಇದನ್ನೆಲ್ಲ ಪಟ್ಟಣದವರ ಹೊಸ ಚಾಳಿ ಅನ್ನುತ್ತಾರೆ. ಅವರಿಗೆ ನಾನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ ಅನ್ನುತ್ತೇನೆ. ಅಲ್ಲಿ ಆತಕೂರಿನ ವೀರಗಲ್ಲು ಇದೆ. ಆತಕೂರು ಇಲ್ಲೇ ನಮ್ಮ ಮದ್ದೂರು ತಾಲ್ಲೂಕಿನ ಊರು. ಕಲ್ಲಿನ ಕಾಲ ಹತ್ತನೆಯ ಶತಮಾನದ ನಡುಭಾಗ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಗಂಗರ ದೊರೆ ಬೂತುಗ, ಅವನ ಪಕ್ಷದ ವೀರ ಮಣಲೆರ. ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ದೊರೆ ಏನು ಬೇಕು ಕೇಳು ಅಂದಾಗ, ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ನಾಯಿ ಹಂದಿಯನ್ನು ಕಚ್ಚಿ ಹಿಡಿದಿರುವ ಚಿತ್ರ ಕಲ್ಲಿನ ಮೇಲೆಯೇ ಇದೆ. ಆ ಕಲ್ಲಿಗೆ ಭೂಮಿ ಬಿಟ್ಟಿದ್ದಾರೆ, ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಉಣ್ಣಬಾರದು ಎಂದು ಬರೆಸಿದ್ದಾರೆ. ಸಾವಿರ ವರ್ಷಕ್ಕೂ ಹಿಂದೆ ಮಂಡ್ಯದ ಸೀಮೆಯಲ್ಲಿ ಒಬ್ಬ ಯೋಧ ತನ್ನ ನಾಯಿಗಾಗಿ ಊರ ಮುಂದೆ ದುಃಖಪಟ್ಟ, ಊರು ಅದನ್ನು ಒಪ್ಪಿಕೊಂಡಿತು. ಹಾಗಾದರೆ ನಾವು ಯಾರಿಗೆ ಹೆದರಬೇಕು?

ದೂರದಲ್ಲಿದ್ದು ದುಃಖಪಡುವುದರಲ್ಲಿ ಒಂದು ಅಪಾಯವೂ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1942ರಲ್ಲಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಅವರ ಮನೆಯವರನ್ನು ಹತ್ತಿರದಿಂದ ನೋಡಿದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲಿ ಒಂದು ಪ್ರಬಂಧ ಬರೆದರು. ಅದರ ಕೊನೆಯ ಭಾಗದಲ್ಲಿ ಅವರು ಬೇರೆಯದೇ ಒಂದು ಸಂಗತಿ ಹೇಳುತ್ತಾರೆ. ಮಹಾಯುದ್ಧದ ಕಾಲ. ಗಂಡ ರಣರಂಗಕ್ಕೆ ಹೋಗಿದ್ದಾನೆ. ಹೆಂಡತಿ ಊರಲ್ಲಿ ಕೂತು, ಅವನು ಸತ್ತರೆ ಹೇಗೆ ಬದುಕಲಿ ಎಂದು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಅನುಭವಿಸಿ ಮುಗಿಸಿಬಿಡುತ್ತಾಳೆ. ಗಂಡ ಬದುಕಿ ಮರಳುತ್ತಾನೆ. ಆದರೆ ಅವಳ ಮನಸ್ಸು ಆಗಲೇ ಅವನನ್ನು ಕಳಿಸಿಕೊಟ್ಟಾಗಿದೆ. ಹೆಂಡತಿಗೆ ನನ್ನ ಮೇಲೆ ಪ್ರೀತಿಯೇ ಉಳಿದಿಲ್ಲ ಎಂದು ಆ ಸಿಪಾಯಿ ಬಂದು ಹೇಳಿಕೊಳ್ಳುತ್ತಾನೆ. ಸಾವಿಗೆ ಮೊದಲೇ ಬರುವ ಶೋಕ ಎಂದು ಲಿಂಡೆಮನ್ ಇದನ್ನು ಗುರುತಿಸಿದರು.

ಬಾಣಂತನಕ್ಕೆ ಹೋದ ನಮ್ಮಂಥವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ನಾಯಿಯ ಪಕ್ಕದಲ್ಲಿರುವವರಿಗೆ ಮೈತುಂಬ ಕೆಲಸ: ಔಷಧಿ, ವಾಂತಿ ಒರೆಸುವುದು, ಅನ್ನ ಮೆತ್ತಗೆ ಮಾಡಿ ತಿನ್ನಿಸುವುದು. ನಾಯಿ ಇವತ್ತು ಬದುಕಿದೆ ಎನ್ನುವುದು ಅವರ ಕೈಗೆ ಗೊತ್ತು. ದೂರ ಇರುವವರಿಗೆ ಊಹೆಯೊಂದೇ ಆಸರೆ, ಆ ಊಹೆ ದಿನಕ್ಕೆ ಹತ್ತು ಸಲ ನಾಯಿಯನ್ನು ಸಾಯಿಸುತ್ತದೆ. ಸತ್ತಂತೆಯೇ ನೆನೆಯಲು ಶುರು ಮಾಡುತ್ತೇವೆ. ಅಷ್ಟೇ ಅಲ್ಲ, ಗಳಿಗೆಗೊಮ್ಮೆ ಫೋನು ಮಾಡಿ "ತಿಂತಾ? ವಾಂತಿ ಮಾಡ್ಕೊಂಡ್ತಾ? ಡಾಕ್ಟರಿಗೆ ಹೇಳಿದ್ರಾ?" ಎಂದು ಕೇಳಿ, ಅಲ್ಲಿ ನಿದ್ದೆಗೆಟ್ಟು ಸೇವೆ ಮಾಡುತ್ತಿರುವವರ ಪ್ರಾಣ ಹಿಂಡುತ್ತೇವೆ.

ನಾವಿಬ್ಬರೂ ಮೊದಲೇ ಮಾತಾಡಿಕೊಂಡೆವು. ದಿನಕ್ಕೆ ಒಂದೇ ಕರೆ. ಚಳಿಗಾಲದಲ್ಲಿ ನ್ಯೂ ಜೆರ್ಸಿಯ ರಾತ್ರಿ ಎಂಟೂವರೆ ಎಂದರೆ ಮೈಸೂರಿನ ಮರುದಿನ ಬೆಳಗ್ಗೆ ಏಳು. ಅಲ್ಲಿ ಮಗುವಿಗೆ ಸಂಜೆಯ ಹಾಲು ಕುಡಿಸಿ ಮಲಗಿಸಿರುತ್ತೇವೆ, ಇಲ್ಲಿ ಇವರು ಕಾಫಿ ಹಿಡಿದು ಕೂತಿರುತ್ತಾರೆ. "ಹೇಗಿದಾನೆ" ಎನ್ನುವ ಪ್ರಶ್ನೆ ನಾನು ಕೇಳುವುದಿಲ್ಲ, ಅವರೇ ಅಂಕ ಹೇಳುತ್ತಾರೆ. ಆಲಿಸ್ ವಿಲಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ ಕೊನೆಗಾಲದ ಪ್ರಾಣಿಗಳಿಗೆಂದು ಮಾಡಿದ ಒಂದು ಅಳತೆಪಟ್ಟಿ ಇದೆ. ಏಳು ವಿಷಯ: ನೋವು, ಹಸಿವು, ಮೈಯ ನೀರಿನಂಶ, ಶುಚಿ, ಲವಲವಿಕೆ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎನ್ನುವುದು. ಒಂದೊಂದಕ್ಕೂ ಹತ್ತರೊಳಗೆ ಅಂಕ. ನೋವಿಗೆ ಹತ್ತು ಅಂದರೆ ನೋವು ಚೆನ್ನಾಗಿ ಹತೋಟಿಯಲ್ಲಿದೆ ಎಂದರ್ಥ, ಅದನ್ನು ತಿರುಗಾಮುರುಗಾ ಮಾಡಿಕೊಳ್ಳಬಾರದು. ಒಟ್ಟು ಎಪ್ಪತ್ತರಲ್ಲಿ ಮೂವತ್ತೈದಕ್ಕಿಂತ ಮೇಲಿದ್ದರೆ ಆ ಬದುಕನ್ನು ಮುಂದುವರಿಸಬಹುದು ಎನ್ನುವುದು ಅದರ ಅಂದಾಜು. ಬ್ಯಾಂಕಿನ ಮನುಷ್ಯನಿಗೆ ಇದು ಒಗ್ಗಿತು. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ನನಗೂ ಅದರಿಂದ ಉಪಕಾರವಾಯಿತು. ನಲವತ್ತೆಂಟು ಅಂದರೆ ನಲವತ್ತೆಂಟು, ಅವತ್ತಿಗೆ ಸೋಮು ಸತ್ತಿಲ್ಲ, ನಾನು ಮಗುವಿನ ಹತ್ತಿರ ಹೋಗಬಹುದು.

ವಿಡಿಯೋ ಕಾಲ್ ಬಗ್ಗೆ ಒಂದು ಮಾತು. ಮೊದಮೊದಲು ನಾನು ಫೋನಿನಲ್ಲಿ "ಸೋಮು, ಪುಟ್ಟಾ" ಅನ್ನುತ್ತಿದ್ದೆ. ಅವನು ಕಷ್ಟಪಟ್ಟು ಎದ್ದು, ದೇವರ ಕೋಣೆ, ಅಡುಗೆಮನೆ, ಹಿತ್ತಿಲ ಬಾಗಿಲು, ಎಲ್ಲ ಕಡೆ ಹುಡುಕಿ ಬಂದು ಮತ್ತೆ ಬೀಳುತ್ತಿದ್ದ. ದನಿ ಇದೆ, ಮನುಷ್ಯಳಿಲ್ಲ. ಇದು ಅವನಿಗೆ ಹಿಂಸೆ ಎಂದು ಇವರೇ ಹೇಳಿದರು, ಆಮೇಲೆ ಅವನಿಗೆ ಕೇಳಿಸದ ಹಾಗೆ ಮಾತಾಡಿದೆವು. ಅದರ ಬದಲು ನನ್ನ ಹಳೇ ಕಾಟನ್ ಸೀರೆಯೊಂದನ್ನು ಒಗೆಯದೆ ಅವನ ಹಾಸಿಗೆಗೆ ಹಾಕಿದರು. ಇದು ಬರೀ ಭಾವನೆಯ ಮಾತಲ್ಲ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿದರು. ಅದೂ ಮತ್ತಿನ ಔಷಧಿಯಿಲ್ಲದೆ, ಎಚ್ಚರವಾಗಿರುವಾಗಲೇ. ಬೇರೆ ಬೇರೆ ವಾಸನೆ ತೋರಿಸಿದಾಗ, ಪರಿಚಿತ ಮನುಷ್ಯರ ವಾಸನೆಗೆ ಅವುಗಳ ಮಿದುಳಿನ ಕಾಡೇಟ್ ಎಂಬ ಭಾಗ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸಿತು. ಒಳ್ಳೆಯದೇನೋ ಬರಲಿದೆ ಎನ್ನುವ ನಿರೀಕ್ಷೆಗೆ ಸಂಬಂಧಿಸಿದ ಭಾಗ ಅದು. ಆ ಮನುಷ್ಯರು ಆಗ ಕೋಣೆಯಲ್ಲೇ ಇರಲಿಲ್ಲ ಎನ್ನುವುದನ್ನು ಗಮನಿಸಿ. ಸೋಮು ಸೀರೆಯ ಸೆರಗಿನ ಕಡೆಗೆ ಮೂತಿಯಿಟ್ಟು ಮಲಗಲು ಶುರು ಮಾಡಿದ. ನೀವು ಊರಿಗೆ ಹೊರಡುವವರಿದ್ದರೆ ಉಟ್ಟ ಬಟ್ಟೆ ಒಂದಷ್ಟನ್ನು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು ಹೋಗಿ. ವಾರಕ್ಕೊಂದು ತೆಗೆಯಬಹುದು.

ಈಗ ಮಗುವಿನ ಕಡೆಗೆ. ನಾನು ಹೋದದ್ದೇ ಅದಕ್ಕೆ. ಮೊಮ್ಮಗಳಿಗೆ ಎಣ್ಣೆ ಒತ್ತಿ ನೀರು ಹಾಕುವುದು ನನ್ನ ಕೆಲಸ. ನ್ಯೂ ಜೆರ್ಸಿಯ ಟಬ್ಬಿನಲ್ಲಿ ಒಂದು ಪುಟ್ಟ ಮಣೆಯಿಟ್ಟು, ಕಾಲು ಚಾಚಿ ಕೂತು, ಕಣಕಾಲುಗಳ ನಡುವಿನ ಹಳ್ಳದಲ್ಲಿ ಮಗುವನ್ನು ಬೋರಲು ಮಲಗಿಸಿಕೊಳ್ಳಬೇಕು. ನನ್ನ ತಾಯಿ ನನ್ನ ಮಗಳಿಗೆ ಹಾಗೇ ಮಾಡಿದ್ದು. ಮೊಣಕೈ ಅದ್ದಿ ನೀರಿನ ಬಿಸಿ ನೋಡುವುದು. ಬೆನ್ನಿಗೆ ಬೊಗಸೆ ಬೊಗಸೆ ನೀರು ಬಿದ್ದ ಹಾಗೆ ಆ ಬಿಗಿದ ಮುಷ್ಟಿಗಳು ಒಂದೊಂದೇ ಬೆರಳಾಗಿ ಸಡಿಲವಾಗುತ್ತವೆ. ಅಂಗಾತ ಮಲಗಿಸಿ ನೆತ್ತಿಗೆ ಎಣ್ಣೆ ತಟ್ಟುವಾಗ, ಅಲ್ಲಿನ ಮೆತ್ತಗಿನ ಜಾಗ ನಾಡಿಯ ಜೊತೆ ಮಿಡಿಯುವುದು ಅಂಗೈಗೆ ತಿಳಿಯುತ್ತದೆ. ಆಮೇಲೆ ಸಾಂಬ್ರಾಣಿ. ಅಲ್ಲಿನ ಮನೆಗಳಲ್ಲಿ ಸೂರಿನಲ್ಲಿ ಹೊಗೆಯ ಅಲಾರಂ ಇರುತ್ತದೆ, ಆದ್ದರಿಂದ ಅಳಿಯ ಕಿಟಕಿ ತೆರೆದು, ಒಂದೇ ಒಂದು ಚಿಟಿಕೆ ಹಾಕಿ, ಹೊಗೆಯನ್ನು ಟವಲ್ಲಿನಲ್ಲಿ ಹಿಡಿದು ತರುತ್ತಿದ್ದರು. ಹೊರಗೆ ಹಿಮ ಬೀಳುತ್ತಿರುವಾಗ ಆ ಒಂದು ಕೋಣೆಯಲ್ಲಿ ಮೈಸೂರಿನ ವಾಸನೆ. ಹಾಲು ಕುಡಿದು ಮಲಗಿದ ಮಗುವಿನ ಉಸಿರು ಕೇಳುತ್ತಾ ಮಗಳು, ಅಳಿಯ, ನಾನು ಸುಮ್ಮನೆ ಕೂತುಬಿಡುತ್ತಿದ್ದೆವು. ನನ್ನ ಜೀವನದಲ್ಲಿ ಅದಕ್ಕಿಂತ ತುಂಬಿದ ಹೊತ್ತು ಬೇರೆ ಇಲ್ಲ.

ಆ ಹೊತ್ತಿನಲ್ಲಿ ಸೋಮು ನೆನಪಿಗೇ ಬರುತ್ತಿರಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದ ಕೂಡಲೇ ನೆನಪಾಗುತ್ತಿತ್ತು. ಜೊತೆಗೇ ಒಂದು ಚುಚ್ಚು: ಅವನು ಅಲ್ಲಿ ಸಾಯುತ್ತಿದ್ದಾನೆ, ನಾನಿಲ್ಲಿ ಇಷ್ಟು ಸಂತೋಷವಾಗಿದ್ದೇನಲ್ಲ. ಇದು ನಿಮಗೂ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ ಎಂಬ ಇಬ್ಬರು ಮನೋವಿಜ್ಞಾನಿಗಳು 1999ರಲ್ಲಿ ಶೋಕದ ಬಗ್ಗೆ ಒಂದು ಮಾದರಿ ಮುಂದಿಟ್ಟರು. ಅದಕ್ಕೆ ಮೊದಲು, ದುಃಖವನ್ನು ನೇರವಾಗಿ ಎದುರಿಸಿ ಮುಗಿಸಿದರೇ ವಾಸಿ, ಬೇರೆಡೆ ಮನಸ್ಸು ಹೋದರೆ ಅದು ತಪ್ಪಿಸಿಕೊಳ್ಳುವುದು ಎನ್ನುವ ನಂಬಿಕೆ ಬಲವಾಗಿತ್ತು. ಇವರು ಹೇಳಿದ್ದು, ಆರೋಗ್ಯವಂತ ಮನಸ್ಸು ಕಳೆದುಕೊಂಡದ್ದರ ಕಡೆಗೂ ಬದುಕಿನ ಕೆಲಸಗಳ ಕಡೆಗೂ ಹೋಗಿ ಬಂದು ಮಾಡುತ್ತದೆ. ದುಃಖದಿಂದ ಬಿಡುವು ಸಿಗುವುದು ವಾಸಿಯಾಗುವುದರ ಒಂದು ಭಾಗ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ. ಮಗುವಿನ ಮೇಲೆ ನೀರು ಹೊಯ್ಯುವ ಆ ಒಂದು ಗಂಟೆ ನಾನು ಸೋಮುವಿಗೆ ಮಾಡಿದ ದ್ರೋಹ ಎಂದು ಒಪ್ಪಿಕೊಂಡರೆ, ಇವರು ತಮ್ಮ ಟಿಕೆಟ್ ರದ್ದು ಮಾಡಿಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಅವರು ಇಲ್ಲಿ ಉಳಿದದ್ದು ನಾನು ಅಲ್ಲಿ ಸಂಪೂರ್ಣವಾಗಿ ಇರಲಿ ಎಂದೇ.

ಇನ್ನು ಮಗಳಿಗೆ ಹೇಳುವುದೋ ಬೇಡವೋ ಎನ್ನುವ ಪ್ರಶ್ನೆ. ಮೂತ್ರಪಿಂಡದ ತೊಂದರೆ ಇದೆ ಎಂದು ಅವಳಿಗೆ ಗೊತ್ತಿತ್ತು, ಎಷ್ಟು ಮುಂದುವರಿದಿದೆ ಎಂದು ಗೊತ್ತಿರಲಿಲ್ಲ. ನಮ್ಮ ಬೀಗಿತ್ತಿಯವರು ಬಹಳ ಅಂತಃಕರಣದ ಹೆಂಗಸು. ಅವರು ಫೋನಿನಲ್ಲಿ ನನಗೆ ಹೇಳಿದರು: "ಬಾಣಂತಿ ಅತ್ತರೆ ಹಾಲು ಬತ್ತತ್ತೆ, ಈಗ ಹೇಳಬೇಡಿ." ಇದರಲ್ಲಿ ನಿಜವೂ ಇದೆ. ಹಾಲು ಇಳಿದು ಬರಬೇಕಾದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು, ತಾಯಿ ವಿಪರೀತ ಒತ್ತಡದಲ್ಲಿದ್ದರೆ ಅದು ಸರಿಯಾಗಿ ಹೊಮ್ಮುವುದಿಲ್ಲ, ಹಾಲು ಇಳಿಯುವುದು ತಡವಾಗುತ್ತದೆ. ಹಿರಿಯರು ಕಣ್ಣಾರೆ ಕಂಡು ಹೇಳಿದ ಮಾತು. ಆದರೆ ಒತ್ತಡ ಬರುವುದು ಸುದ್ದಿಯಿಂದ ಮಾತ್ರವೇ? ಅಮ್ಮ ಬಚ್ಚಲಲ್ಲಿ ಮುಖ ತೊಳೆದುಕೊಂಡು ಬರುತ್ತಿದ್ದಾಳೆ, ಫೋನು ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ, ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಎಂಟು ಸಾವಿರಕ್ಕೂ ಹೆಚ್ಚು ಮೈಲಿ ಆಚೆ ಅಪ್ಪ ಒಬ್ಬರೇ ಇರುವಾಗ, ಇದನ್ನು ನೋಡುವ ಮಗಳು ಏನೆಂದುಕೊಳ್ಳುತ್ತಾಳೆ? ಅಪ್ಪನಿಗೇ ಏನೋ ಆಗಿದೆ ಅಂದುಕೊಳ್ಳುತ್ತಾಳೆ. ಅಂದುಕೊಂಡೂ ಇದ್ದಳು.

ನಾನು ಹೇಳಿಬಿಟ್ಟೆ. ಮಗುವಿಗೆ ಹಾಲು ಕುಡಿಸಿ ಮುಗಿದ ಮೇಲೆ, ಅಳಿಯ ಮನೆಯಲ್ಲಿದ್ದ ಹೊತ್ತು ನೋಡಿ, ಅಂಕಗಳ ಸಮೇತ. ಅವಳು ಮೊದಲು ಕೇಳಿದ್ದು "ಅಪ್ಪ ಹೇಗಿದಾರೆ?" ಎಂದು. ಆಮೇಲೆ ಅತ್ತಳು. ನಾನೂ ಅತ್ತೆ. ಆ ರಾತ್ರಿಯೇ ಅವಳು ಕೆರೆ ಏರಿಯ ಕತೆಯನ್ನು ಅಳಿಯನಿಗೆ ಮೊದಲಿನಿಂದ ಹೇಳಿದಳು. ಸೋಮು ಯುಗಾದಿಯ ಹೋಳಿಗೆ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ, ಮೇಲೆ ಮುಚ್ಚಿದ್ದ ಬಟ್ಟೆಯನ್ನು ಮಾತ್ರ ಹಾಗೇ ಬಿಟ್ಟಿದ್ದು. ಅಜ್ಜಿ ಮಡಿಯುಟ್ಟು ಬರುವ ಹೊತ್ತಿಗೇ ಸರಿಯಾಗಿ ದಾರಿಗೆ ಅಡ್ಡ ಮಲಗುತ್ತಿದ್ದದ್ದು. ನಮ್ಮ ನಗುವಿಗೆ ಮಗು ಎದ್ದುಬಿಟ್ಟಿತು. ಅವತ್ತಿನಿಂದ ರಾತ್ರಿ ಹಾಲಿನ ಹೊತ್ತೆಂದರೆ ಸೋಮುವಿನ ಒಂದು ಕತೆ. ಅಳಿಯ ಅಲ್ಲಿಯೇ ಹುಟ್ಟಿ ಬೆಳೆದವರು, ನಮ್ಮ ಮನೆಯ ಹಳೆಯ ದಿನಗಳೆಲ್ಲ ಅವರಿಗೆ ಗೊತ್ತಾದದ್ದು ಈ ಕತೆಗಳಿಂದ. ಹಾಲು ಬತ್ತಲಿಲ್ಲ.

ಆಕ್ಸಿಟೋಸಿನ್ ಮಾತು ಬಂತಲ್ಲ, ಇನ್ನೊಂದು ಸಂಗತಿ ಹೇಳದೆ ಇರಲಾರೆ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಾಯಿ ಮತ್ತು ಅದನ್ನು ಸಾಕಿದವರು ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಇದೇ ಹಾರ್ಮೋನು ಏರಿದ್ದನ್ನು ಅವರು ಕಂಡರು. ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾದಿಯಲ್ಲೇ ನಾಯಿ ನಮ್ಮೊಳಕ್ಕೆ ಬಂದಿದೆ ಎಂದು ಅವರು ವಾದಿಸುತ್ತಾರೆ. "ನಾಯಿಯನ್ನು ಮಗುವಿಗೆ ಹೋಲಿಸಬೇಡಿ" ಎಂದು ನನಗೆ ಹೇಳಿದವರಿದ್ದಾರೆ. ನಾನು ಹೋಲಿಸುತ್ತಿಲ್ಲ. ಮೈ ಎರಡಕ್ಕೂ ಒಂದೇ ಬಾಗಿಲು ತೆರೆಯುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ನಾಮಕರಣದ ಹೊತ್ತಿಗೆ ಅಂಕ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಮುಂದೂಡೋಣವೇ ಎಂದು ಮಗಳೇ ಕೇಳಿದಳು. ಇವರು ಒಪ್ಪಲಿಲ್ಲ. ತೊಟ್ಟಿಲಿಗೆ ಸೇವಂತಿಗೆ ಸಿಗಲಿಲ್ಲ, ಅಂಗಡಿಯ ಕಾರ್ನೇಶನ್ ಹೂವನ್ನೇ ಕಟ್ಟಿದೆವು. ಇವರು ಇಲ್ಲಿ ಪಂಚೆಯುಟ್ಟು, ಶಲ್ಯ ಹೊದ್ದು, ಸೋಮುವಿನ ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತು ಫೋನಿನಲ್ಲಿ ನೋಡಿದರು. ಅಳಿಯ ಫೋನನ್ನು ಮಗುವಿನ ಕಿವಿಯ ಹತ್ತಿರ ಹಿಡಿದಾಗ ತಾತನೂ ಹೆಸರು ಹೇಳಿದರು. ನಾವು ಬಿಸಿಬೇಳೆಬಾತು, ಗಸಗಸೆ ಪಾಯಸ ಮಾಡಿದ್ದೆವು. ಬಂದವರಿಗೆ ಮಗಳು ತಾನಾಗಿಯೇ "ನಮ್ಮನೆ ನಾಯಿಗೆ ತುಂಬಾ ಹುಷಾರಿಲ್ಲ, ಅದಕ್ಕೇ ಅಪ್ಪ ಬಂದಿಲ್ಲ" ಎಂದು ಹೇಳಿದಳು. ಅಷ್ಟು ಹೇಳಿದ್ದೇ ತಡ, ಬಂದಿದ್ದವರಲ್ಲಿ ಎಷ್ಟೋ ಜನ ಹುಬ್ಬಳ್ಳಿಯಲ್ಲಿ, ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ ತಾವು ಬಿಟ್ಟುಬಂದ ನಾಯಿಗಳ ಫೋಟೋ ತೆಗೆದು ತೋರಿಸತೊಡಗಿದರು. ಒಬ್ಬ ಹುಡುಗನ ನಾಯಿ ಸತ್ತು ವಾರವಾದ ಮೇಲೆ ಅವನ ಮನೆಯವರು ತಿಳಿಸಿದ್ದರಂತೆ. ಅದನ್ನು ಹೇಳುವಾಗ ಅವನ ದನಿ ನಡುಗುತ್ತಿತ್ತು. ನಾಮಕರಣದ ಮನೆಯಲ್ಲಿ ಇಂಥ ಮಾತೇ ಎಂದು ಯಾರೂ ಅನ್ನಲಿಲ್ಲ. ಮಗುವನ್ನು ಅವನ ಕೈಗೆ ಕೊಟ್ಟೆವು.

ಸೋಮು ನೀರೂ ಬಿಟ್ಟ ಮೇಲೆ ವೈದ್ಯರು ದಯಾಮರಣದ ಮಾತು ಎತ್ತಿದರು. ನಾಲ್ವರೂ ಫೋನಿನಲ್ಲಿ ಕೂತು ನಿರ್ಧಾರ ಮಾಡಿದೆವು. ಇವರೊಬ್ಬರ ತಲೆಯ ಮೇಲೆ ಹಾಕಲಿಲ್ಲ. ಅದು ಹೇಗೆ ನಡೆಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಭಯ ಕಡಿಮೆ. ಮೊದಲು ಮತ್ತಿನ ಇಂಜೆಕ್ಷನ್, ನಾಯಿ ಗಾಢವಾಗಿ ನಿದ್ದೆ ಹೋಗುತ್ತದೆ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ, ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು. ಪ್ರಾಣ ಹೋದ ಮೇಲೂ ಒಂದೆರಡು ಸ್ನಾಯು ಅದುರಬಹುದು. ಅದು ನೋವಲ್ಲ. ವಿಡಿಯೋ ಬೇಡ ಎಂದು ಇವರು ಹೇಳಿದರು: "ಆ ಹೊತ್ತು ನಾನು, ಅವನು ಇಬ್ಬರೇ ಇರ್ತೀವಿ." ಹತ್ತಿರ ಇದ್ದು ಸೇವೆ ಮಾಡಿದವರ ಮಾತೇ ಕೊನೆಯ ಮಾತು. ನಂಜನಗೂಡು ರಸ್ತೆಯಲ್ಲಿರುವ ನನ್ನ ತಮ್ಮನ ತೋಟದಲ್ಲಿ ಮಣ್ಣು ಮಾಡಿದರು. ಗುಂಡಿ ನಾಲ್ಕಡಿಯಾದರೂ ಇರಲಿ; ಆ ಔಷಧಿ ದೇಹದಲ್ಲಿ ಉಳಿದಿರುತ್ತದೆ, ಬೇರೆ ಪ್ರಾಣಿ ಕೆದಕಿ ತಿಂದರೆ ಅದಕ್ಕೂ ಅಪಾಯ. ಸ್ವಂತ ಜಾಗ ಇಲ್ಲದವರು ವೈದ್ಯರನ್ನೇ ಮುಂಚಿತವಾಗಿ ಕೇಳಿಟ್ಟುಕೊಳ್ಳಿ, ಆ ದಿನ ಹುಡುಕಲು ಹೊರಡಬೇಡಿ.

ಇಲ್ಲಿ ಬೆಳಗ್ಗೆ, ಅಲ್ಲಿ ನಡುರಾತ್ರಿ. ಇವರ ಫೋನು ಬಂದಾಗ ಮಗು ಹಾಲು ಕುಡಿಯುತ್ತಿತ್ತು. ಮೂವರೂ ಅತ್ತೆವು, ಮಗು ಕುಡಿಯುವುದನ್ನು ನಿಲ್ಲಿಸಲಿಲ್ಲ. ಮರುದಿನ ಎಂದಿನಂತೆ ಎಣ್ಣೆ, ನೀರು.

ಇನ್ನು ನಿಮ್ಮಲ್ಲಿ ಮನೆಯಲ್ಲೇ ಉಳಿದು ಮಕ್ಕಳ ನಾಯಿ ನೋಡಿಕೊಳ್ಳುತ್ತಿರುವವರಿಗೆ ಒಂದು ಕೋರಿಕೆ. ಮಕ್ಕಳಿಗೆ ಸುದ್ದಿ ಮುಚ್ಚಿಡಬೇಡಿ. ಪರೀಕ್ಷೆ ಇದೆ, ಬಸುರಿ ಇದ್ದಾಳೆ, ಕೆಲಸದ ಒತ್ತಡ ಇದೆ ಎಂದು ಕಾರಣ ಯಾವಾಗಲೂ ಒಂದು ಇದ್ದೇ ಇರುತ್ತದೆ. ಹೇಳುವ ಹೊತ್ತು ನೋಡಿಕೊಳ್ಳಿ, ಪಕ್ಕದಲ್ಲಿ ಯಾರಾದರೂ ಇರುವಾಗ ಹೇಳಿ, ಆದರೆ ಹೇಳಿ. ನೀವೂ ಒಬ್ಬರೇ ಎಲ್ಲ ಹೊರಬೇಡಿ. ನಮ್ಮ ಯಜಮಾನರಿಗೆ ಪಕ್ಕದ ಬೀದಿಯ ಹುಡುಗನೊಬ್ಬ ದಿನಾ ಸಂಜೆ ಬಂದು ಬಾಟಲಿ ಹಿಡಿದು ನಿಲ್ಲುತ್ತಿದ್ದ. ಕೇಳಿದರೆ ಬರುವವರಿದ್ದಾರೆ.

ಆ ಏಳು ವಿಷಯಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ದಿನದ ಅಂಕ ತುಂಬಲು ಚೌಕ ಹಾಕಿ, ಜೆರಾಕ್ಸ್ ಮಾಡಿಸಿ ತಂದಿದ್ದೇನೆ. ಹಿಂದಿನ ಸಾಲಿನಲ್ಲಿ ಇವರ ಹತ್ತಿರ ಇವೆ. ನಾಯಿ ಈಗ ಚೆನ್ನಾಗಿಯೇ ಇದ್ದರೂ ಒಂದು ಪ್ರತಿ ತೆಗೆದುಕೊಂಡು ಹೋಗಿ. ಬಾಟಲಿ ಹಾಕುವುದು ಹೇಗೆಂದು ತಿಳಿಯಬೇಕಾದವರು ಅವರನ್ನೇ ಕೇಳಿ, ಚೆನ್ನಾಗಿ ಹೇಳಿಕೊಡುತ್ತಾರೆ.